ಎರೆಹೊಲದ ಜಿಂಕೆ: ಊರಿನ ಹುಡುಗರಿಗೊಂದು ಕಿವಿಮಾತು

ತೆಕ್ಕಲಕೋಟೆಯ ಹುಡುಗರೇ, ಹಿಂಗಾರಿನ ಕಡಲೆ ಗೇಣುದ್ದ ಬೆಳೆಯುವ ಹೊತ್ತಿಗೆ ಎರೆಹೊಲಕ್ಕೆ ಜಿಂಕೆ ಇಳಿಯುತ್ತವೆ. ಆಗ ನಿಮ್ಮ ಬಾಯಲ್ಲಿ ಎರಡು ಮಾತು ಕೇಳುತ್ತೇನೆ. ‘ಬೆಳೆ ಹೋಯಿತು’ ಎಂಬುದು ಒಂದು, ‘ಒಂದನ್ನಾದರೂ ಹೊಡೆಯಬೇಕು’ ಎಂಬುದು ಇನ್ನೊಂದು. ಮೊದಲ ಮಾತಿನ ಸಂಕಟ ನನಗೂ ಗೊತ್ತು, ನಾನೂ ಕಡಲೆ ಬಿತ್ತಿದವನೇ. ಎರಡನೆಯ ಮಾತು ಬೇಡ. ಹಳೆಯ ಬೇಟೆಗಾರರಿಗಿದ್ದ ಕಣ್ಣು, ಕಿವಿ, ತಾಳ್ಮೆ ಕಲಿಯಿರಿ. ಕೋವಿ, ಉರುಳು ಬಿಡಿ. ಹೊಲ ಕಾಯಲು ಅಷ್ಟು ಸಾಕು.

• ಪ್ರಾಣಿಯನ್ನು ಸರಿಯಾಗಿ ಗುರುತಿಸಿ. ನಮ್ಮ ಕಡೆ ಜಿಂಕೆ, ಚಿಗರಿ ಅನ್ನುವುದು ಕೃಷ್ಣಮೃಗಕ್ಕೆ. ಕಾಡಿನ ಚುಕ್ಕೆ ಜಿಂಕೆ ಬೇರೆ. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಚಿಕೊಂಡಿರುತ್ತದೆ. ಹೆಣ್ಣು ಕಂದು, ಅದಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ. ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಬರುತ್ತದೆ, ಕೃಷ್ಣಮೃಗದ್ದು ಉದುರುವುದಿಲ್ಲ. ‘ಹೊಲದಲ್ಲಿ ಉದುರಿ ಬಿದ್ದಿತ್ತು’ ಎಂದು ಯಾರಾದರೂ ತಿರುಚುಗೊಂಬು ತಂದರೆ ಅದು ಸತ್ತ ಪ್ರಾಣಿಯದ್ದೇ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

• ಕಾನೂನು ತಿಳಿದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ. ಕೊಂದರೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25 ಸಾವಿರ ರೂಪಾಯಿ ದಂಡ. ಒಂದು ರಾತ್ರಿಯ ಮಾಂಸದೂಟಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಮನೆಯ ಹೆಣ್ಣುಮಕ್ಕಳು ಬೇಲಿಗೆ ಹಣ ಹೊಂದಿಸುವ ಬದಲು ಜಾಮೀನಿಗೆ ಹೊಂದಿಸುವಂತಾಗಬಾರದು.

• ಅಮೆರಿಕದ ವಿಡಿಯೊ ನೋಡಿ ಹುಮ್ಮಸ್ಸಿಗೆ ಬೀಳಬೇಡಿ. ಅಲ್ಲಿನ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯನ್ನು ಹೊಡೆಯುವುದನ್ನು ನೀವು ಮೊಬೈಲಿನಲ್ಲಿ ನೋಡುತ್ತೀರಿ. ಅಲ್ಲಿ ಲೈಸೆನ್ಸ್ ಬೇಕು, ಕಾಲ ಗೊತ್ತುಮಾಡಿದೆ, ಎಷ್ಟು ಹೊಡೆಯಬಹುದೆಂಬ ಲೆಕ್ಕವಿದೆ. ಹಿಂದೆ ಅವರೂ ಮಿತಿಯಿಲ್ಲದೆ ಹೊಡೆದು, ಲಕ್ಷಗಟ್ಟಲೆ ಇದ್ದ ಪ್ರಾಣಿಯನ್ನು ಇಪ್ಪತ್ತನೇ ಶತಮಾನದ ಆರಂಭಕ್ಕೆ ಹತ್ತಾರು ಸಾವಿರಕ್ಕೆ ಇಳಿಸಿದ್ದರು. ಬೇಟೆಗೆ ಕಡಿವಾಣ ಬಿದ್ದ ಮೇಲೇ ಅದು ಚೇತರಿಸಿಕೊಂಡಿತು. ನಮ್ಮಲ್ಲಿ ತುಂಗಭದ್ರಾ ಕಾಲುವೆ ಬಂದು ಬಯಲು ಗದ್ದೆಯಾಗಿದೆ. ಉಳಿದ ತುಂಡು ತುಂಡು ಬೀಳುಭೂಮಿಯಲ್ಲಿ ನಮ್ಮ ಜಿಂಕೆಗಳು ಬದುಕಿವೆ.

• ಜಿಂಕೆ ನೋಡಬೇಕೆನಿಸಿದರೆ ನೇರ ನಡೆಯಬೇಡಿ. ಬಯಲಿನ ಪ್ರಾಣಿಗೆ ಕಣ್ಣೇ ಕಾವಲು. ಬಗ್ಗಿ ನುಸುಳುವ ಮನುಷ್ಯನನ್ನು ಕಂಡರೆ ಹಿಂಡು ಬೆದರುತ್ತದೆ. ಎತ್ತಿನ ಬಂಡಿಗೆ ಅಷ್ಟು ಬೆದರುವುದಿಲ್ಲ. ಹಳೆಯ ಬೇಟೆಗಾರರು ಬಂಡಿಯ ಮರೆಯಲ್ಲಿ ಹತ್ತಿರ ಹೋಗುತ್ತಿದ್ದುದು ಅದಕ್ಕೇ. ನೀವೂ ಬಂಡಿಯಲ್ಲಿ ಕೂತು ಓರೆಯಾಗಿ ಸಾಗಿ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ನಿಂತು ನೋಡಿ. ಗಂಡು ಕತ್ತೆತ್ತಿ ಕೊಂಬನ್ನು ಬೆನ್ನಿಗೆ ಚೆಲ್ಲಿ ಹೆಣ್ಣಿನ ಮುಂದೆ ನಡೆಯುವುದು ಕಂಡರೆ ನಿಮ್ಮ ಬೆಳಗು ಸಾರ್ಥಕ.

• ನೆಲ ಓದುವುದನ್ನು ಕಲಿಯಿರಿ. ಬೆಳಿಗ್ಗೆ ಬದುವಿನ ಮೇಲೆ ಚೂಪು ತುದಿಯ ಎರಡು ಗೊರಸಿನ ಹೆಜ್ಜೆ ಎಲ್ಲಿ ಒತ್ತಾಗಿವೆ ಎಂದು ನೋಡಿ. ಅದೇ ಅವು ಒಳಬರುವ ದಾರಿ. ಒಂದೇ ಜಾಗದಲ್ಲಿ ಹಿಕ್ಕೆ ಗುಡ್ಡೆಯಾಗಿದ್ದರೆ ಅದು ಗಂಡು ತನ್ನ ಎಲ್ಲೆಗೆ ಹಾಕಿಕೊಂಡ ಗುರುತು. ಹೊಲದ ಸುತ್ತ ಓಡಾಡಿ ಸುಸ್ತಾಗುವ ಬದಲು ಆ ದಾರಿಯಲ್ಲಿ ಕಾವಲು ಕೂರಿ.

• ಕಾವಲನ್ನು ಹಂಚಿಕೊಳ್ಳಿ. ನಸುಕು, ಸಂಜೆ ಎರಡೂ ಹೊತ್ತು ಮುಖ್ಯ. ಎಳೆ ಪೈರಿಗೇ ಹೆಚ್ಚು ಬಾಯಿ ಹಾಕುವುದರಿಂದ ಮೊದಲ ಕೆಲವು ವಾರ ತಪ್ಪಿಸಬೇಡಿ. ಅಕ್ಕಪಕ್ಕದವರು ಒಟ್ಟಿಗೆ ಬಿತ್ತಿ, ಪಾಳಿ ಹಾಕಿಕೊಳ್ಳಿ. ಒಬ್ಬನೇ ಕಾದರೆ ಜಿಂಕೆ ಪಕ್ಕದ ಹೊಲಕ್ಕೆ ಹೋಗಿ ಮತ್ತೆ ಬರುತ್ತವೆ. ಹಳೆ ಸೀರೆ ಕಟ್ಟಿ, ತಗಡು ಬಡಿಯಿರಿ. ಆದರೆ ಒಂದೇ ಬೆದರಿಕೆಗೆ ಅವು ಒಗ್ಗಿಹೋಗುತ್ತವೆ. ಆಗಾಗ ಜಾಗ ಬದಲಿಸಿ, ಸದ್ದು ಬದಲಿಸಿ.

• ಬೇಲಿಗೆ ಲೈನಿನ ಕರೆಂಟ್ ಕೊಡಬೇಡಿ. ಕಂಬದಿಂದ ವೈರು ಎಳೆದು ಕಟ್ಟಿದ ತಂತಿಗೆ ಜಿಂಕೆ ಯಾವುದು, ಎತ್ತು ಯಾವುದು, ನಸುಕಿನಲ್ಲಿ ನೀರು ಕಟ್ಟಲು ಬಂದ ನಿಮ್ಮಪ್ಪ ಯಾರು ಎಂಬುದು ತಿಳಿಯುವುದಿಲ್ಲ. ಕರೆಂಟೇ ಬೇಕಿದ್ದರೆ ತಿಳಿದವರಿಂದ ಸೋಲಾರ್ ಬೇಲಿ ಹಾಕಿಸಿ. ಅದು ಕ್ಷಣಮಾತ್ರ ಹೊಡೆದು ಬಿಡುತ್ತದೆ, ಕೊಲ್ಲುವುದಿಲ್ಲ.

• ಬೈಕಿನಲ್ಲಿ ಅಟ್ಟಬೇಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಆದರೆ ದಿಗಿಲುಬಿದ್ದು ಶಕ್ತಿ ಮೀರಿ ಓಡಿದರೆ ಮೈಯ ಸ್ನಾಯುಗಳೇ ಕೆಟ್ಟು, ತಪ್ಪಿಸಿಕೊಂಡ ಮೇಲೂ ಸಾಯುತ್ತದೆ. ಕಾಲುವೆಗೆ ಬಿದ್ದರಂತೂ ಸಿಮೆಂಟಿನ ಇಳಿಜಾರಿನಲ್ಲಿ ಗೊರಸು ಜಾರಿ ಮೇಲೆ ಬರಲಾರದು. ಓಡಿಸುವುದಾದರೆ ಹಿಂಡಿಗೆ ಒಂದು ಕಡೆ ದಾರಿ ಬಿಟ್ಟು ನಿಧಾನಕ್ಕೆ ಓಡಿಸಿ.

• ಮರಿಯನ್ನು ಮುಟ್ಟಬೇಡಿ. ತಾಯಿ ಮರಿಯನ್ನು ಹುಲ್ಲಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಸಣ್ಣವನಿದ್ದಾಗ ಅಂಥದ್ದೊಂದನ್ನು ಜೋಳದ ಸಾಲಿನಲ್ಲಿ ಕಂಡೆ. ಕಿವಿ ಬೆನ್ನಿಗಂಟಿಸಿ, ಗದ್ದ ನೆಲಕ್ಕಿಟ್ಟು, ಎರೆಮಣ್ಣಿನ ಹೆಂಟೆಯಂತೆ ಬಿದ್ದುಕೊಂಡಿತ್ತು. ಪಕ್ಕೆ ಮಾತ್ರ ಮಿಡಿಯುತ್ತಿತ್ತು. ಅನಾಥ ಎಂದುಕೊಂಡು ಎತ್ತಿ ತಂದು ಆಕಳ ಹಾಲು ಕುಡಿಸಿದೆ. ಮೂರನೇ ದಿನ ಸತ್ತಿತು. ಆ ಸಂಜೆ ತಾಯಿ ಅದೇ ಸಾಲಿನಲ್ಲಿ ಸುತ್ತುತ್ತಿದ್ದುದನ್ನು ನಮ್ಮವ್ವ ನೋಡಿದ್ದಳಂತೆ. ಈಗಲೂ ನೆನೆದರೆ ನೋವಾಗುತ್ತದೆ. ಮರಿ ಕಂಡರೆ ಜೊತೆಗಿರುವ ನಾಯಿಯನ್ನು ಹಿಡಿದುಕೊಂಡು ದೂರ ಸರಿಯಿರಿ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ.

• ಬೆಳೆ ಹೋದರೆ ಪರಿಹಾರ ಕೇಳಿ. ಹೆಜ್ಜೆ, ಕಚ್ಚಿದ ಗಿಡ ಕಾಣುವಂತೆ ಅದೇ ದಿನ ಫೋಟೊ ತೆಗೆಯಿರಿ. ಪಹಣಿ, ಆಧಾರ್, ಪಾಸ್‌ಬುಕ್ ನಕಲು ಸೇರಿಸಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಮ್ಮೆ ನಾನು ಹೊಲ ಹರಗಿದ ಮೇಲೆ ಅರ್ಜಿ ಬರೆಯಲು ಹೋದೆ. ತೋರಿಸಲು ಏನೂ ಉಳಿದಿರಲಿಲ್ಲ.

• ಬೇಟೆಯ ಅಪವಾದವನ್ನು ಒಂದು ಜನದ ಮೇಲೆ ಹೊರಿಸಬೇಡಿ. ಹರಣಶಿಕಾರಿ ಸಮುದಾಯದ ಹೆಸರಲ್ಲೇ ಜಿಂಕೆಯ ಬೇಟೆ ಇದೆ ನಿಜ, ಅದು ಅವರ ಹಿರಿಯರ ಕಸುಬಿನ ಗುರುತು. ಹೆಸರು ನೋಡಿ ಇಂದಿನವರನ್ನು ದೂರುವುದು ಅನ್ಯಾಯ. ನೆಲ ಓದುವ ವಿದ್ಯೆ ಬಲ್ಲ ಮುದುಕರು ಅವರಲ್ಲಿದ್ದರೆ ಕೂತು ಕೇಳಿ ಕಲಿಯಿರಿ.

• ಬೀಳು ಬಯಲಿಗೆ ಬೆಂಕಿ ಇಡಬೇಡಿ. ಹುಲ್ಲು ಸುಟ್ಟರೆ ಜಿಂಕೆ ನಿಮ್ಮ ಪೈರಿಗೇ ಬರುತ್ತದೆ. ನಮ್ಮ ಸಿರುಗುಪ್ಪ ಸೀಮೆಯ ಬಯಲು ಎರ್ಲಡ್ಡು ಹಕ್ಕಿಗೂ ನೆಲೆ. ಕರ್ನಾಟಕದಲ್ಲಿ ಆ ಹಕ್ಕಿ ಬೇರೆಡೆ ಕಾಣಸಿಗುವುದೇ ಕಷ್ಟ. ಗೋಮಾಳ ಉಳಿದರೆ ದನಕ್ಕೂ ಮೇವು, ಜಿಂಕೆಗೂ ಮೇವು.

ಇಷ್ಟೆಲ್ಲ ಒಂದೇ ದಿನಕ್ಕೆ ಆಗುವಂಥದ್ದಲ್ಲ, ಒಬ್ಬರಿಂದ ಆಗುವಂಥದ್ದೂ ಅಲ್ಲ. ಈ ಹಿಂಗಾರಿನಲ್ಲಿ ಯಾರ ಹೊಲದಲ್ಲಿ ಮೊದಲು ಹಿಂಡು ಕಂಡರೂ ಪಕ್ಕದ ಹೊಲದವರಿಗೆ ಒಂದು ಫೋನ್ ಮಾಡಿ. ಕಾವಲು ಅಲ್ಲಿಂದಲೇ ಶುರುವಾಗಲಿ.