ದೇವರಿಗೆ ವಿಧೇಯತ್ವ: ಕ್ರೈಸ್ತ ಕುಟುಂಬದ ಅಸ್ತಿವಾರ

ಮನೆ ಕಟ್ಟುವವರು ಗೋಡೆಗಿಂತ ಮೊದಲು ಅಸ್ತಿವಾರವನ್ನು ಯೋಚಿಸುವರು. ನಮ್ಮ ಕರ್ತನು ಪರ್ವತಪ್ರಸಂಗದ ಕೊನೆಯಲ್ಲಿ ಹೇಳಿದ ಎರಡು ಮನೆಗಳ ಸಾಮ್ಯದಲ್ಲಿ, ಕಟ್ಟಿದವರಿಬ್ಬರೂ ಆತನ ಮಾತನ್ನು ಕೇಳಿದವರೇ. ಕೇಳಿದಂತೆ ನಡೆದವನ ಮನೆಯು ಮಾತ್ರ ಮಳೆಗಾಳಿಗಳಲ್ಲಿ ನಿಂತಿತು. ಆದುದರಿಂದ ವಾಕ್ಯವನ್ನು ಬಲ್ಲವರಾಗಿರುವುದು ಸಾಲದು, ಅದಕ್ಕೆ ವಿಧೇಯರಾಗಬೇಕು. ಇದನ್ನು ಸಮುವೇಲನ ಮೊದಲನೆಯ ಪುಸ್ತಕದಲ್ಲಿರುವ ಮೂರು ಮನೆಗಳಿಂದ ಕಲಿಯೋಣ.

ಮೊದಲನೆಯದು ಯಾಜಕನಾದ ಏಲಿಯ ಮನೆ. ಅವನು ೪೦ ವರುಷ ಇಸ್ರಾಯೇಲ್ಯರಿಗೆ ನ್ಯಾಯತೀರಿಸಿದವನು. ಶೀಲೋವಿನ ದೇವಾಲಯದಲ್ಲಿಯೇ ಸೇವೆಮಾಡುತ್ತಿದ್ದವನು. ಆದರೂ ಅವನ ಮಕ್ಕಳಾದ ಹೊಫ್ನಿ ಫೀನೆಹಾಸರು, ಕೊಬ್ಬನ್ನು ದೇವರಿಗೆ ಅರ್ಪಿಸುವ ಮೊದಲೇ ಯಜ್ಞದ ಮಾಂಸವನ್ನು ಬಲಾತ್ಕಾರದಿಂದ ತರಿಸಿಕೊಳ್ಳುತ್ತಿದ್ದರು. ಏಲಿಯು ಬಾಯಿಂದ ಗದರಿಸಿದನು, ಆದರೆ ತಡೆಯಲಿಲ್ಲ. ದೇವರಿಗಿಂತ ಮಕ್ಕಳನ್ನು ಹೆಚ್ಚಾಗಿ ಸನ್ಮಾನಿಸಿದನೆಂಬುದೇ ಅವನ ಮೇಲೆ ಬಂದ ಅಪರಾಧ. ಒಂದೇ ದಿನದಲ್ಲಿ ದೇವರ ಮಂಜೂಷವು ಶತ್ರುಗಳ ವಶವಾಯಿತು, ಮಕ್ಕಳಿಬ್ಬರೂ ಸತ್ತರು, ೯೮ ವರುಷದ ಆ ವೃದ್ಧನು ಪೀಠದಿಂದ ಬಿದ್ದು ಪ್ರಾಣಬಿಟ್ಟನು. ಮಕ್ಕಳ ಮುನಿಸಿಗೆ ಅಂಜಿ ಅವರ ಪಾಪಕ್ಕೆ ಕಣ್ಣುಮುಚ್ಚುವ ಪ್ರೀತಿಯು ಪ್ರೀತಿಯಲ್ಲವೆಂದು ತಿಳಿಯೋಣ.

ಎರಡನೆಯದು ಹನ್ನಳ ಮನೆ. ಅಲ್ಲಿ ಸಮಾಧಾನವಿರಲಿಲ್ಲ. ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳ ಚುಚ್ಚುಮಾತು ವರುಷ ವರುಷವೂ ಬಂಜೆಯಾದ ಹನ್ನಳನ್ನು ಅಳಿಸುತ್ತಿತ್ತು. ಆದರೆ ಮನೆಯ ಕುಂದುಗಳು ತೀರಿದ ಮೇಲೆ ವಿಧೇಯಳಾಗುವೆನೆಂದು ಅವಳು ಕಾಯಲಿಲ್ಲ. ಬೇಡಿ ಪಡೆದ ಮಗನನ್ನು ಮೊಲೆಬಿಡಿಸಿದ ಮೇಲೆ ಹರಕೆಯಂತೆ ಶೀಲೋವಿಗೆ ತಂದು ಒಪ್ಪಿಸಿದಳು. ಹರಕೆ ಹೊರುವುದು ಸುಲಭ; ಮಡಿಲಿನ ಕೂಸನ್ನು ಕೊಡುವುದು ಸುಲಭವಲ್ಲ. ಕೊಟ್ಟ ಮೇಲೆಯೂ ವರುಷ ವರುಷ ಚಿಕ್ಕ ಅಂಗಿಯೊಂದನ್ನು ಮಾಡಿ ತಂದುಕೊಡುತ್ತಿದ್ದಳು. ವಿಧೇಯತ್ವವು ಮಮತೆಯನ್ನು ಒಣಗಿಸುವುದಿಲ್ಲ, ಶುದ್ಧಮಾಡುತ್ತದೆ. ಏಲಿಯ ಮಕ್ಕಳು ಕೇಳದಿದ್ದ ದೇವರ ಸ್ವರವನ್ನು ಹನ್ನಳ ಮಗನು ರಾತ್ರಿಯಲ್ಲಿ ಕೇಳಿ ಉತ್ತರಕೊಟ್ಟನು.

ಮೂರನೆಯದು ಆ ಸಮುವೇಲನ ಸ್ವಂತ ಮನೆ. ಅವನ ಮಕ್ಕಳಾದ ಯೋವೇಲ ಅಬೀಯರು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತಿಂದರು! ಭಕ್ತಿಯು ಹೊಲಗದ್ದೆಗಳಂತೆ ಪಿತ್ರಾರ್ಜಿತವಾಗಿ ಬರುವ ಆಸ್ತಿಯಲ್ಲ. ಒಂದೊಂದು ತಲೆಮಾರೂ ತಾನೇ ದೇವರಿಗೆ ಕಿವಿಗೊಡಬೇಕು. ಏಲಿಯನ್ನು ಖಂಡಿಸಿದ ಶಾಸ್ತ್ರವು ಸಮುವೇಲನನ್ನು ಮಕ್ಕಳ ನಿಮಿತ್ತ ಖಂಡಿಸುವುದಿಲ್ಲ. ಆದುದರಿಂದ ಮಗನು ದಾರಿತಪ್ಪಿದನೆಂದು ಅಳುವ ತಾಯಿಯ ಮೇಲೆ ನಾವು ತೀರ್ಪುಮಾಡದೆ, ಅವಳ ಸಂಗಡ ಪ್ರಾರ್ಥಿಸೋಣ.

ತಂದೆತಾಯಿಗಳೇ, ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯದಲ್ಲಿ ಮಕ್ಕಳಿಗೆ ವಿಧೇಯತ್ವವನ್ನು ಆಜ್ಞಾಪಿಸಿದ ಕೂಡಲೆ, ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ತಂದೆಗಳಿಗೂ ಆಜ್ಞಾಪಿಸಿದ್ದಾನೆ. ನಾವು ಸಹ ಒಬ್ಬ ಯಜಮಾನನ ಕೆಳಗಿರುವವರೆಂದು ಮಕ್ಕಳು ಕಾಣಬೇಕು. ಕೆಲಸದವಳ ಕೂಲಿಯನ್ನು ತಡಮಾಡದೆ ಕೊಡುವಲ್ಲಿ, ಅಂಗಡಿಯ ಲೆಕ್ಕದಲ್ಲಿ ಸತ್ಯವಾಗಿರುವಲ್ಲಿ, ತಪ್ಪಾದಾಗ ಕ್ಷಮೆ ಬೇಡುವಲ್ಲಿ ಅವರು ಅದನ್ನು ಕಾಣುವರು. ಇವಿಲ್ಲದ ಕುಟುಂಬಪ್ರಾರ್ಥನೆಯು ಕೇಳಿದ ಮಾತಷ್ಟೇ, ನಡೆದ ಮಾತಲ್ಲ.

ಈ ಶಾಲೆಯಲ್ಲಿ ಕಲಿತು ಮನೆಗಳನ್ನು ನಡಿಸುತ್ತಿರುವ ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಕೆಲವರು ಒಂಟಿಯಾಗಿ ಮೊಣಕಾಲೂರುವವರಾಗಿರಬಹುದು. ಹನ್ನಳೂ ಒಂಟಿಯಾಗಿಯೇ ಪ್ರಾರ್ಥಿಸಿದಳು. ಆಕೆಯ ದೇವರು ನಮ್ಮ ಮನೆಗಳನ್ನೂ ಬಂಡೆಯ ಮೇಲೆ ನಿಲ್ಲಿಸಲಿ.