ಕುರಿಗಳ ಕಡೆ ಕೂತು ಆಡು

ಆಟದಲ್ಲಿ ಮಂತ್ರಗಳ ಪಟ್ಟಿ ಉದ್ದವಾದಷ್ಟೂ ಯುದ್ಧಕ್ಕೆ ಆಳ ಹೆಚ್ಚು ಅಂತ ವಾದಿಸುತ್ತೀಯಲ್ಲ ಮಗಾ, ಅದನ್ನು ನಾನು ಒಪ್ಪುವುದಿಲ್ಲ. ಡ್ರ್ಯಾಗನ್ನು, ಕುಳ್ಳರ ಪಡೆ, ಎಲುಬುಗೂಡಿನ ಸೈನ್ಯ, ಮಾಟಗಾರರು, ಒಬ್ಬೊಬ್ಬರಿಗೂ ಹತ್ತು ವಿದ್ಯೆ. ನಿನ್ನ ಗೆಳೆಯ ಇನ್ನೊಂದು ತುದಿ ಹಿಡಿದಿದ್ದಾನೆ: ದಂಡು ಕಳಿಸು, ಬಟನ್ ಒತ್ತು, ಗೆದ್ದೆಯಾ ಸೋತೆಯಾ ನೋಡು, ಮುಗೀತು. ಅವನ ಮಾತೂ ನನಗೆ ಹಿಡಿಸಲಿಲ್ಲ. ಒಂದು ದಾರಿ ಹಿಡಿದರೆ ಇನ್ನೊಂದು ಕೈತಪ್ಪಿ ಹೋಗುತ್ತದೆ ಅನ್ನೋ ಸಂಕಟ ಇರುವ ಕಡೆ ಮಾತ್ರ ಯುದ್ಧದ ಆಟಕ್ಕೆ ಆಳ ಬರುತ್ತದೆ. ಆ ಸಂಕಟಕ್ಕೆ ನೂರು ಮಂತ್ರ ಬೇಕಾಗಿಲ್ಲ. ನೂರು ಮಂತ್ರ ಇದ್ದರೂ ಅದು ಹುಟ್ಟದೇ ಇರಬಹುದು.

ಹುಲಿ–ಕುರಿ ಆಟ ತಗೋ. ನಮ್ಮ ಕುಂದುರ್ಪಿ ಕಡೆ ತೆಲುಗಿನವರಿಗೆ ಅದು ಪುಲಿ–ಮೇಕ. 3 ಹುಲಿ, 15 ಕುರಿ, ಗೆರೆಗಳು ಕೂಡುವ 23 ಮನೆ. ಇದ್ದಿಲಿನಲ್ಲಿ ನೆಲದ ಮೇಲೆ ಬರೆದರೆ ಮಣೆ ತಯಾರು. ಹುಲಿಗೆ ಕಲ್ಲು, ಕುರಿಗೆ ಹುಣಸೆಬೀಜ. ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆ ಕುರಿ ಹುಲಿಯ ಪಾಲು. ಹುಲಿಗಳು ಎತ್ತಲೂ ಅಲ್ಲಾಡದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು. ಓದು ಬಾರದವರೂ ಒಂದೇ ಸಲ ಕೇಳಿ ಕಲಿಯುವ ಆಟ.

ಆದರೆ ಅದರಲ್ಲೊಂದು ಕಟ್ಟಳೆ ಇದೆ, ಆಟದ ಜೀವವೆಲ್ಲ ಅಲ್ಲೇ. 15 ಕುರಿಯೂ ಮಣೆಗೆ ಇಳಿಯುವ ತನಕ ಇಳಿದ ಕುರಿ ಜರುಗುವಂತಿಲ್ಲ. ಹುಲಿಗಳು ಮಾತ್ರ ಅಡ್ಡಾಡುತ್ತಲೇ ಇರುತ್ತವೆ. ಎಲ್ಲಿ ಇಟ್ಟೆಯೋ ಅಲ್ಲೇ ಕೂರಬೇಕು. ನಾಲ್ಕನೇ ಕುರಿಯನ್ನು ಯಾಮಾರಿ ಇಟ್ಟರೆ ಅದರ ಸಾಲ ತೀರಿಸುವುದು ಹನ್ನೆರಡನೇ ಕುರಿ ಇಡುವಾಗ. ಕುರಿ ಸಾಯುವುದು ಹುಲಿ ಪಕ್ಕಕ್ಕೆ ಬಂದದ್ದರಿಂದಲ್ಲ, ಬೆನ್ನ ಹಿಂದಿನ ಮನೆ ಖಾಲಿ ಇದ್ದದ್ದರಿಂದ. ಇಷ್ಟು ತಲೆಗೆ ಹೋದರೆ ನಿನ್ನ ಕಣ್ಣು ಹುಲಿಯನ್ನು ಬಿಟ್ಟು ಖಾಲಿ ಮನೆಗಳನ್ನು ನೋಡಲು ಶುರುಮಾಡುತ್ತದೆ. ಹುಡುಗರೆಲ್ಲ ಮೊದಲು ಹುಲಿಯೇ ಬೇಕು ಅಂತ ಹಟ ಹಿಡಿಯುತ್ತಾರೆ, ನೀನು ಡ್ರ್ಯಾಗನ್ ಆರಿಸುವ ಹಾಗೆ. ನೀನು ಕುರಿಗಳ ಕಡೆ ಕೂತು ಆಡು.

ಇದೇ ಜಾತಿಯ ಆಟ ನೇಪಾಳದಲ್ಲೂ ಇದೆ, ಬಾಘ್‌ಚಾಲ್ ಅಂತ: 4 ಹುಲಿ, 20 ಮೇಕೆ, 25 ಮನೆ. ಇಬ್ಬರೂ ಒಂದೂ ತಪ್ಪು ನಡೆ ಇಡದೆ ಆಡಿದರೆ ಅದು ಸಮ ಎಂದು ಕಂಪ್ಯೂಟರ್ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಅಷ್ಟು ಚಿಕ್ಕ ಮಣೆಯನ್ನು ಬಗೆಹರಿಸಲು ಕಂಪ್ಯೂಟರೇ ಬೇಕಾಯಿತು ನೋಡು.

ಈಗ ನಿನ್ನ ಲೋಕಕ್ಕೇ ಬರೋಣ. ‘ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3’ ಬಂದದ್ದು 1999ರಲ್ಲಿ, ಇವತ್ತಿಗೂ ಜನ ಅದನ್ನು ಬಿಟ್ಟಿಲ್ಲ. ಮಂತ್ರಗಳು ಅದರಲ್ಲೂ ರಾಶಿ ಇವೆ. ಆದರೆ ನುರಿತವರ ಕೈ ಮತ್ತೆ ಮತ್ತೆ ಹೋಗುವುದು ಕೆಲವೇ ಮಂತ್ರಗಳ ಕಡೆಗೆ: ಎದುರಾಳಿಯನ್ನು ನಿಧಾನ ಮಾಡುವುದು, ತನ್ನವರನ್ನು ಚುರುಕು ಮಾಡುವುದು. ಭೂಮಿವಿದ್ಯೆಯಲ್ಲಿ ಪಳಗಿದವನು ಎದುರಿನ ಇಡೀ ದಂಡನ್ನೇ ಒಂದೇ ಮಂತ್ರದಲ್ಲಿ ತೆವಳುವಂತೆ ಮಾಡಬಲ್ಲ. ಅಲ್ಲಿಗೆ ಉಳಿದ ಎಷ್ಟೋ ಮಂತ್ರ ಪುಸ್ತಕದ ಅಲಂಕಾರ.

ಹಾಗಾದರೆ ಆಳ ಎಲ್ಲಿದೆ? ಒಂದು ಸಣ್ಣ ನಿಯಮದಲ್ಲಿ. ಪೆಟ್ಟು ತಿಂದ ತುಕಡಿ ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದೇ ಸಲ ತಿರುಗಿ ಹೊಡೆಯುತ್ತದೆ. ಅದಕ್ಕೇ ಬಲ್ಲವರು ಒಬ್ಬನೇ ಒಬ್ಬ ಬಡ ಸಿಪಾಯಿಯನ್ನು ಬೇರೆ ತುಕಡಿ ಮಾಡಿ ಮುಂದೆ ಬಿಡುತ್ತಾರೆ. ಎದುರಾಳಿಯ ತಿರುಗೇಟು ಅವನ ಮೇಲೆ ಖರ್ಚಾಗುತ್ತದೆ, ಆಮೇಲೆ ದೊಡ್ಡ ಪಡೆ ನಷ್ಟವಿಲ್ಲದೆ ನುಗ್ಗುತ್ತದೆ. ಪಕ್ಕಾ ಕುರಿ ಕೊಟ್ಟು ಹುಲಿ ಕಟ್ಟುವ ಲೆಕ್ಕ! ಆದರೆ ನಾಯಕನ ದಂಡಿನಲ್ಲಿ 7 ತುಕಡಿಗಷ್ಟೇ ಜಾಗ. ಬಲಿಯವನಿಗೆ ಒಂದು ಜಾಗ ಕೊಟ್ಟರೆ ಅಷ್ಟು ಬಲ ಮನೆಯಲ್ಲೇ ಉಳಿಯಿತು. ನಾನು ಹೇಳಿದ ಸಂಕಟ ಇದೇ.

ಹಾಗಂತ ಪ್ರತಿಯೊಂದು ಕಾಳಗವನ್ನೂ ಕೈಯಾರೆ ಆಡು ಅನ್ನುವುದಿಲ್ಲ. ನಾಲ್ಕು ಪುಡಿ ದೆವ್ವಗಳನ್ನು ಓಡಿಸಲು ಅರ್ಧ ಗಂಟೆ ಕೂತರೆ ಅದು ಜಾಣತನವಲ್ಲ, ಹೊತ್ತು ಹಾಳು. ಅಲ್ಲಿ ಆಟೋ ಬಟನ್ ಒತ್ತು, ನಾಚಿಕೆ ಬೇಡ. ಆದರೆ ಎಲ್ಲ ಕಾಳಗವೂ ಆಟೋಗೇ ಸಾಕು ಅನ್ನುವಂತಿದ್ದರೆ, ಎರಡೂ ಕಡೆಯ ‘ಪವರ್’ ಅಂಕಿ ಹೋಲಿಸಿದರೆ ಫಲಿತಾಂಶ ಮೊದಲೇ ಗೊತ್ತಾಗುವಂತಿದ್ದರೆ, ಅಂಥ ಫೋನ್ ಆಟ ಸರಳವಲ್ಲ, ಟೊಳ್ಳು. ಆ ಅಂಕಿ ಏರಿಸಲು ಹರಳು, ನಾಣ್ಯ ಅಂತ ದುಡ್ಡು ಕೇಳಿದರೆ ಆಟ ತೆಗೆದುಹಾಕು. ಇದರಲ್ಲಿ ಚರ್ಚೆ ಇಲ್ಲ.

ನಿಯಮ ಹೆಚ್ಚಿಸುವ ಚಪಲ ಹೊಸದೇನಲ್ಲಪ್ಪ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ದೊಡ್ಡ ರಸಿಕರು, ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವೂ ಇದೆ. ದಶಾವತಾರ ಗಂಜೀಫಾ ಎಂಬ ಇಸ್ಪೀಟಿನಂಥ ಆಟದಲ್ಲಿ 120 ಎಲೆ. ಅವರು ರೂಪಿಸಿದ ಛಾದ್ ಗಂಜೀಫಾದ ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರ ತನಕ ಹೋಯಿತು. ನೋಡಲು ಕಣ್ಣಿಗೆ ಹಬ್ಬ. ಆದರೆ ಅಷ್ಟು ಎಲೆ ಹಿಡಿದು ಆಡುವ ಜನ ಅರಮನೆಯಾಚೆ ಸಿಗಲಿಲ್ಲ; ಈಗ ಅವು ಚಿತ್ರಕಲೆಯಾಗಿ ಉಳಿದಿವೆ. ರಾಜರ ಜಾಣತನ ಕಡಿಮೆಯಿತ್ತು ಅಂತಲ್ಲ, ನೆನಪಿಗೆ ಭಾರ ಹೆಚ್ಚಾಯಿತು.

ಇನ್ನು ನೆಲದ ವಿಷಯ. ಕುಂದುರ್ಪಿ ಬೆಟ್ಟದ ಕೋಟೆ, ರಾಯದುರ್ಗ, ಪೆನುಕೊಂಡ, ಆ ಕಡೆ ಪಾವಗಡ, ಚಿತ್ರದುರ್ಗ, ಹೀಗೆ ಕೋಟೆಗಳ ನಡುವೆ ಬೆಳೆದವನು ನೀನು. ಚಿತ್ರದುರ್ಗಕ್ಕೆ ಹೋದಾಗ ಬಾಗಿಲುಗಳನ್ನು ಗಮನಿಸು: ನೇರ ದಾರಿ ಇಲ್ಲ, ತಿರುವು ಮೇಲೆ ತಿರುವು. ಬಂದ ದೊಡ್ಡ ದಂಡನ್ನು ಸಣ್ಣ ದಾರಿಯಲ್ಲಿ ಎಳೆದು ಸಣ್ಣದು ಮಾಡುವ ಉಪಾಯ ಅದು. ಹೈದರ್ ಅಲಿಯನ್ನು ವರ್ಷಗಟ್ಟಲೆ ಸತಾಯಿಸಿ 1779ರಲ್ಲಿ ಬಿದ್ದ ಕೋಟೆ ಅದು. ಓಬವ್ವನ ಕಥೆಯಲ್ಲೂ ಒನಕೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಬ್ಬೊಬ್ಬನೇ ನುಸುಳಬೇಕಾದ ಕಿಂಡಿ.

ಈ ಲೆಕ್ಕವನ್ನು ಚೆನ್ನಾಗಿ ಹಿಡಿದ ಆಟ ‘ಬ್ಯಾಟಲ್ ಫಾರ್ ವೆಸ್ನಾತ್’. 2003ರಿಂದ ಇದೆ, ಪುಕ್ಕಟೆ, ನಮ್ಮ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಬಯಲಲ್ಲಿ ನಿಂತ ಈಟಿಗಾರನ ಮೇಲೆ ಬೀಸಿದ ಏಟು ಬೀಳುವ ಸಾಧ್ಯತೆ ನೂರಕ್ಕೆ 60, ಕೋಟೆಯಲ್ಲಿ ನಿಂತರೆ 40, ಕೆರೆಯ ಅಂಚಿನ ನೀರಿಗಿಳಿದರೆ 80. ಹಗಲಿನಲ್ಲಿ ಅವನ ಹೊಡೆತ ನೂರಕ್ಕೆ 25ರಷ್ಟು ಏರುತ್ತದೆ, ರಾತ್ರಿ ಅಷ್ಟೇ ಇಳಿಯುತ್ತದೆ. ಎದುರಿನ ಓರ್ಕ್‌ಗಳಿಗೂ ಎಲುಬಿನ ಪಡೆಗೂ ಇದೇ ತಿರುಗುಮುರುಗು. ಶತ್ರುವಿನ ಪಕ್ಕದ ಮನೆಗೆ ಕಾಲಿಟ್ಟವನು ಸಾಮಾನ್ಯವಾಗಿ ಅಲ್ಲೇ ನಿಲ್ಲಬೇಕು, ಹಾಗಾಗಿ ನಡುವೆ ಸಂದು ಬಿಟ್ಟು ನಿಲ್ಲಿಸಿದ ಮೂವರು ಒಂದು ದಂಡನ್ನೇ ತಡೆಯಬಲ್ಲರು. ನಿಯಮ ಇಷ್ಟೇ, ಸಂಜೆಯಾಗುತ್ತಿದ್ದಂತೆ ಗೆಲ್ಲುತ್ತಿರುವ ಕಾಳಗ ಬಿಟ್ಟು ಹಿಂದೆ ಸರಿಯಬೇಕೋ ಬೇಡವೋ ಅಂತ ತಲೆ ಕೆರೆದುಕೊಳ್ಳುವುದು ನಿನ್ನ ಪಾಲು.

ಅದೃಷ್ಟ ಕೈಕೊಟ್ಟಿತು ಅಂತ ನೀನು ಆ ಆಟದ ಮೇಲೆ ರೇಗುವುದು ಖಂಡಿತ. ಐದು ಏಟೂ ಗುರಿ ತಪ್ಪುವ ದಿನ ಬರುತ್ತದೆ. ಆಗ ಹಿಂದಿನ ಸೇವ್‌ಗೆ ಓಡಬೇಡ. ಉಳಿದವರನ್ನು ಹತ್ತಿರದ ಹಳ್ಳಿಗೆ ಸರಿಸಿ, ಗಾಯ ಮಾಯಿಸಿಕೊಂಡು, ಬೆಳಗಾಗುವ ತನಕ ಹಿಡಿದು ನಿಲ್ಲಲು ಆಗುತ್ತದೆಯೋ ನೋಡು.