ಓದು ಶುರುಮಾಡುವವರಿಗೆ ಹಳೆಯ ಸಂಚಿಕೆ

ಮುಗದದಿಂದ ಧಾರವಾಡದ ಕಾಲೇಜಿಗೆ ದಿನಾ ಹೋಗಿಬರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ದಪ್ಪ ಪುಸ್ತಕ ಕಂಡರೆ ಅಂಜಿಕೆಯಾಗುವುದಾದರೆ ಮಾಸಪತ್ರಿಕೆ ಹಿಡಿಯಿರಿ, ಅದೂ ಹಳೆಯದನ್ನು. ಸುದ್ದಿಯ ಬಿಸಿ ಆರಿದ ಮೇಲೂ ಓದಿಸಿಕೊಳ್ಳುವ ಬರಹ ಯಾವುದೆಂದು ಅಲ್ಲಿ ತಾನಾಗಿ ತಿಳಿಯುತ್ತದೆ.

ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲಿ 1896ರಷ್ಟು ಹಿಂದೆಯೇ ‘ವಾಗ್ಭೂಷಣ’ ಪತ್ರಿಕೆ ಹೊರಡಿಸಿತು. 1921ರಲ್ಲಿ ‘ಕರ್ಮವೀರ’ ಬಂತು. ಕನ್ನಡ ನಾಡು ಒಂದಾಗಲೆಂದು ಆಲೂರ ವೆಂಕಟರಾಯರು ‘ಜಯಕರ್ನಾಟಕ’ ನಡೆಸಿದರು. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ತಂದರು.

ಹೊಸಬರ ಕೈಗೆ ನಾನು ಮೊದಲು ಕೊಡುವುದು ಮಾತ್ರ ಹುಬ್ಬಳ್ಳಿಯ ‘ಕಸ್ತೂರಿ’. ಲೋಕಶಿಕ್ಷಣ ಟ್ರಸ್ಟಿನ ಈ ಡೈಜೆಸ್ಟ್ ಮಾಸಿಕ 1956ರಲ್ಲಿ ಶುರುವಾಯಿತು, ಬೆಳೆಸಿದವರು ಪಾ.ವೆಂ. ಆಚಾರ್ಯರು. ಒಂದೇ ಸಂಚಿಕೆಯಲ್ಲಿ ವಿಜ್ಞಾನ, ಇತಿಹಾಸ, ಕಥೆ, ವ್ಯಕ್ತಿಚಿತ್ರ, ನಗೆಹನಿ. ಜೊತೆಗೆ ‘ಪುಸ್ತಕ ವಿಭಾಗ’, ಅಂದರೆ ಒಂದಿಡೀ ಪುಸ್ತಕದ ಸಂಗ್ರಹ. ಇಂಗ್ಲಿಷ್ ಬಾರದ ಓದುಗರಿಗೆ ಪರದೇಶದ ಪುಸ್ತಕಗಳೂ ಅದರಿಂದ ಕನ್ನಡದಲ್ಲಿ ದಕ್ಕಿದವು. ಇದು ಸಣ್ಣ ಉಪಕಾರವೆಂದು ನನಗೆ ಅನಿಸುವುದಿಲ್ಲ. ‘ಪದಾರ್ಥ ಚಿಂತಾಮಣಿ’ಯಲ್ಲಿ ಆಚಾರ್ಯರು ನಾವು ದಿನಾ ಆಡುವ ಶಬ್ದಗಳ ಮೂಲ ಹುಡುಕಿದರು. ಅಷ್ಟು ಬಲ್ಲವರು, ಆದರೂ ಓದುಗನನ್ನು ದಡ್ಡನೆಂದು ಎಣಿಸಲಿಲ್ಲ. ಅವನಿಗೆ ಎಲ್ಲ ಗೊತ್ತೇ ಇದೆಯೆಂದು ವಿವರಣೆ ಬಿಟ್ಟು ಮುಂದೆ ಓಡಲೂ ಇಲ್ಲ. ಅವರ ಬರಹ ಇಂದಿಗೂ ಹಳತಾಗದಿರುವುದು ಇದರಿಂದ.

ಇಂಥ ಮಾಸಿಕದಲ್ಲಿ ಬರಹದ ಬಗೆಗಳು ಎಷ್ಟಿರುತ್ತವೆಂದು ತಿಳಿಯಲು ನಮ್ಮೂರು ಮುಗದದ ಭತ್ತವನ್ನೇ ತೆಗೆದುಕೊಳ್ಳಿ. ಇಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. ವಿಜ್ಞಾನ ಲೇಖಕ ಅಲ್ಲಿಗೆ ಹೋಗಿ, ತಳಿಯೊಂದು ಹೇಗೆ ಸಿದ್ಧವಾಗುತ್ತದೆ ಎಂದು ಕೇಳುತ್ತಾನೆ. ವರದಿಗಾರ್ತಿ ಅದೇ ಭತ್ತ ಬೆಳೆದ ರೈತನ ಮನೆಗೆ ಹೋಗಿ ಸಾಲದ ಲೆಕ್ಕ, ಮಳೆಯ ಲೆಕ್ಕ ಕೇಳುತ್ತಾಳೆ. ಪ್ರಬಂಧಕಾರ ಅಡಿಗೆಮನೆಯಲ್ಲಿ ಕೂತು, ಅನ್ನ ಬಸಿಯುವಾಗ ಅಜ್ಜಿ ಆಡಿದ ಮಾತು ನೆನೆಯುತ್ತಾನೆ. ಬೆಳೆ ಒಂದೇ, ಕೇಳಿದ ಪ್ರಶ್ನೆ ಬೇರೆ.

‘ಕಸ್ತೂರಿ’ಯ ಹಳೆಯ ಸಂಚಿಕೆ ಧಾರವಾಡ, ಹುಬ್ಬಳ್ಳಿಗಳ ರದ್ದಿ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಮೊದಲು ನಗೆಹನಿ ಓದಿ, ತಪ್ಪಿಲ್ಲ. ಆಮೇಲೆ ಮನಸ್ಸಿಗೆ ಬಂದ ಒಂದು ಲೇಖನವನ್ನು ಎರಡು ಸಲ ಓದಿ. ಎರಡನೆಯ ಸಲ, ಲೇಖಕರು ಮೊದಲ ಪ್ಯಾರಾದಲ್ಲಿ ಏನನ್ನು ಹೇಳದೆ ಉಳಿಸಿಕೊಂಡಿದ್ದಾರೆ ಎಂದು ಪೆನ್ಸಿಲ್ಲಿನಿಂದ ಗುರುತಿಸಿ. ‘ಪುಸ್ತಕ ವಿಭಾಗ’ ರವಿವಾರಕ್ಕಿರಲಿ.